ಅಮೋಗಸಿದ್ಧನ ಕಿಸೇದಾಗಿನ ಭಂಡಾರ

ಸಿನಿಮಾ ಅಂದ್ರ ಏನು, ಅದನ್ನ ಹೆಂಗ ಕುಂತು ನೋಡಬೇಕು ಅನ್ನೋದು ಇಡೀ ಸೊಲ್ಲಾಪುರದಾಗ ತನಗೊಬ್ಬಗ ಗೊತ್ತು ಅಂತ ಅಮೋಗಸಿದ್ಧ ತಿಳಕೊಂಡಿದ್ದ. ನಾತಾಳ ಹಬ್ಬಕ್ಕ, ಅಂದ್ರ ಕ್ರಿಸ್‌ಮಸ್ಸಿಗೆ, ಊರಾಗ ಇಂಗ್ಲಿಷ್ ಸಿನಿಮಾ ಬಂದದ್ದೇ ತಡ, ಎದಿ ಉಬ್ಬಿಸಿ ಸಾರಿದ: "ಈ ಸಲ ಅವ್ವಗ ಇಂಗ್ಲಿಷ್ ಸಿನಿಮಾ ತೋರಸ್ತೀನಿ. ಆಕಿ ಜನ್ಮ ಉದ್ಧಾರ ಆಗಬೇಕು!"

"ನಿಮಗ ಇಂಗ್ಲಿಷ್ ಬರತೈತೇನ್ರಿ?" ಹೆಂಡತಿ ಚಂದ್ರಭಾಗಾ ರೊಟ್ಟಿ ಬಡಿಯೋದು ನಿಲ್ಲಸಲಿಲ್ಲ.

"ನಾ ದುಡಿಯೋ ಅರಿವಿ ಗಿರಣ್ಯಾಗ ದಿನಾ ಕೇಳತೀನಿ!"

"ಗಿರಣಿ ಭೋಂಗಾನೂ ದಿನಾ ಕೇಳತೀರಿ. ಹಂಗಂತ ಊದಾಕ ಬರತೈತೇನು?"

ಚಂದ್ರಭಾಗಾ ಅಕ್ಕಲಕೋಟದಾಕಿ. ಅಲ್ಲಿ ತಂಬು ಹೊಡದು ತೋರಸೋ ಸಿನಿಮಾ ನೋಡಿ ಬೆಳದಾಕಿ. ಗಂಡನ ಬಡಿವಾರಕ್ಕ ಬೆದರೋ ಪೈಕಿ ಅಲ್ಲ.

ಕುಂಭಾರಿ ಹಳ್ಳಿಯಿಂದ ಅವ್ವ ಗುರುಬಾಯಿ ಬಂದಳು. ಕುರಿ ಕಾಯೋ ಮನಿತನ. ಹೆಗಲ ಮ್ಯಾಲ ಕರಿ ಕಂಬಳಿ, ಸೊಂಟಕ್ಕ ಕುಲದೇವರು ಬಿರೋಬಾನ ಭಂಡಾರದ ಚೀಲ. ದೇವರಿಗೆ ತೂರೋ ಆ ಅರಿಷಿಣ ಪುಡಿ ಇಲ್ದ ಆಕಿ ಬಾವಿಗೂ ಹೋದಾಕಿ ಅಲ್ಲ. ನೋಡಿದ್ದೇ ಅಮೋಗಸಿದ್ಧ ಗಾಬರಿ ಆದ. ಯಾಕಂದ್ರ ಗಿರಣ್ಯಾಗ ಅಂವ ಬ್ಯಾರೇನೇ ಪುರಾಣ ಹೇಳಿಟ್ಟಿದ್ದ: ತಾ ಸೊಲ್ಲಾಪುರದ ದೊಡ್ಡ ಪ್ಯಾಟಿ ನವಿ ಪೇಠದ ಅರಿವಿ ಅಂಗಡಿ ಮನಿತನದಾಂವ, ಕುರಿಗೆ ಮುಂದ್ಯಾವುದು ಹಿಂದ್ಯಾವುದು ಅನ್ನೋದೂ ಗೊತ್ತಿಲ್ಲ ಅಂತ! ಕಲ್ಲಣ್ಣ ಮುಕಾದಮರಂತೂ ಅಂವನ್ನ "ನವಿ ಪೇಠ" ಅಂತಲೇ ಕರೀತಿದ್ರು. ಮಗ್ಗದ ಖಾತೆಕ್ಕ ಅವ್ರೇ ಧಣಿ. ಅವ್ರೂ ಅದೇ ಆಟಕ್ಕ ಬರವರಿದ್ರು! ಅವರ ಮುಂದ ಮಾನ ಹೋದ್ರ ಗಿರಣ್ಯಾಗ ಮಾರಿ ತೋರಸೋದು ಹೆಂಗ?

ಥಿಯೇಟರಿನ ಬಾಗಲದಾಗ ಅವ್ವಗ ಪಾಠ ಸುರು ಆತು. "ಪಡದೆ ಮ್ಯಾಲ ಯಾರು ಬಂದ್ರೂ ಕೈ ಮುಗೀಬ್ಯಾಡ. ಚಪ್ಪಲಿ ಬಿಡಬ್ಯಾಡ. ಅದು ಬರೇ ಅರಿವಿ ಮ್ಯಾಲ ಬೆಳಕು. ಆ ಚೀಲ ಇತ್ತ ಕೊಡು."

"ಯಾಕೋ ತಮ್ಮಾ?"

"ನೀ ತೂರತಿ!"

"ಬೆಳಕಿಗೆ ಯಾರರೇ ತೂರತಾರೇನೋ?" ಅಂತ ಗೊಣಗಿಕೋತ ಮುದುಕಿ ಚೀಲ ಬಿಚ್ಚಿ ಕೊಟ್ಟಳು. ಅಮೋಗಸಿದ್ಧ ಅದನ್ನ ಕೋಟಿನ ಕಿಸೇದಾಗ ತುರುಕಿದ. ಆಪತ್ತು ಗೆದ್ದೆ ಅಂದುಕೊಂಡ, ಪಾಪ!

ಒಳಗ ಕುಂತ್ರ ಕಲ್ಲಣ್ಣ ಮುಕಾದಮರು ಸರಿಯಾಗಿ ಮುಂದಿನ ಸಾಲಿನ್ಯಾಗ! ಹೊಳ್ಳಿ ನೋಡಿ ಕೇಳಿದ್ರು: "ಏನಪಾ ನವಿ ಪೇಠ, ಈ ಅಜ್ಜಿ ಯಾರು?"

ಅಮೋಗಸಿದ್ಧನ ನಾಲಿಗಿ ತಡವರಸ್ತು. "ಅದು... ಹಳ್ಳಿ ಕಡೆಯವ್ರು ರೀ. ಬರೇ ಪರಿಚಯದವ್ರು."

ಚಂದ್ರಭಾಗಾ ಗಂಡನ ತೊಡಿ ಹಿಂಗ ಚಿವುಟಿದಳಂದ್ರ ಅಂವ ಕುರ್ಚಿ ಬಿಟ್ಟು ಒಂದು ಗೇಣು ಮ್ಯಾಲೆದ್ದ. ಗುರುಬಾಯಿ ಮಗನ ಕುರ್ಚಿ ಮ್ಯಾಲ ಬಿದ್ದಿದ್ದ ಕಂಬಳಿ ಚುಂಗು ಮೆಲ್ಲಕ ಎಳದು ತನ್ನ ಮಡಲಾಗ ಇಟ್ಟುಕೊಂಡಳು.

ಸಿನಿಮಾ ಸುರು ಆತು. ಎಲ್ಲಿ ನೋಡಿದ್ರೂ ಬೆಳ್ಳನ್ನ ಬರ್ಫ. ಕೆಂಪು ನಿಲುವಂಗಿ, ಬಿಳಿ ಗಡ್ಡದ ಮುದುಕ ಒಬ್ಬಾಂವ. ನಾತಾಳಕ್ಕ ಚಿಗರಿ ಹೂಡಿದ ಬಂಡಿ ಹತ್ತಿ, ಮುಗಿಲಾಗ ಹಾರಿಕೋತ ಹುಡುಗರಿಗೆ ಆಟಿಗಿ ಹಂಚಾಂವ. ಒಂದು ಸಣ್ಣ ಹುಡುಗಿ ಬಿಕ್ಕಿ ಬಿಕ್ಕಿ ಅಳಾಕತ್ತಿತ್ತು.

"ಏನಂತಪಾ ಕೂಸು?" ಗುರುಬಾಯಿ ಕೇಳಿದಳು.

"ಹವಾ ಛಲೋ ಐತಿ ಅಂತು," ನಮ್ಮ ಪಂಡಿತ ಹೇಳಿದ.

"ಸುಳ್ಳ! ಅದರ ಕುರಿಮರಿ ಕಳದೈತಿ. ಮುದುಕನ್ನ ಕರಿಯಾಕತ್ತೈತಿ. ಆ ಕೂಸಿನ ಅಪ್ಪ, ಕೋಟಿನಾಂವ, ಅಂಥಾ ಮುದುಕ ಇಲ್ಲೇ ಇಲ್ಲ ಅಂತಾನ." ಒಂದಕ್ಷರ ಇಂಗ್ಲಿಷ್ ಬರದ ಮುದುಕಿಗೆ ಎಲ್ಲಾ ತಿಳದಿತ್ತು!

ನಂಬೋ ಮಂದಿ ಕಡಿಮಿ ಆದಂಗ ಮುದುಕನ ಶಕ್ತಿ ಕುಂದತಾ ಬಂತು. ಬಂಡಿ ಏಳವಲ್ದು. ಚಿಗರಿ ಮೊಣಕಾಲೂರಿದ್ವು. ಬರ್ಫದಾಗ ಹುಗದಿದ್ದ ಮರಿ ಒಮ್ಮಿ "ಬ್ಯಾ" ಅಂತು.

ಆ "ಬ್ಯಾ" ಇಂಗ್ಲಿಷ್ ಅಲ್ರಿ! ಅದು ಸೀದಾ ಅಮೋಗಸಿದ್ಧನ ಕರುಳಿಗೇ ತಾಗ್ತು. ಸಣ್ಣಾಂವ ಇದ್ದಾಗ ಚಳಿಗೆ ನಡಗೋ ಮರಿ ಎದಿಗವಚಿ ಮಲಗಿದ್ದೆಲ್ಲಾ ನೆನಪಾಗಿ ಕಣ್ಣು ತುಂಬಿ ಬಂದ್ವು. ಹುಡುಗಿ ಕೈ ಜೋಡಿಸಿ ಕೂಗ್ತು. ಬಂಡಿ ತುಸು ಎದ್ದು ಮತ್ತ ಧೊಪ್ ಅಂತ ಬಿತ್ತು. ಇನ್ನ ತಡೀಲಾರದ ನಮ್ಮ ನವಿ ಪೇಠದ ಧಣಿ ಚಪ್ಪಲಿ ಬಿಟ್ಟು, ಕುರ್ಚಿ ಹತ್ತಿ ನಿಂತ. ಕಿಸೆಗೆ ಎರಡೂ ಕೈ ಹಾಕಿ ಚೀಲ ಝಾಡಿಸಿ ತೂರಿದ!

"ಬಿರೋಬಾನ ಹೆಸರಲೇ ಚಾಂಗಭಲೋ!"

ಮ್ಯಾಲ ಫ್ಯಾನು ತಿರಗತಿತ್ತು. ಭಂಡಾರ ಇಡೀ ಥಿಯೇಟರ್ ತುಂಬ ಹಾರ್ತು. ಪಡದೆಗೆ ಹೋಗೋ ಬೆಳಕೆಲ್ಲಾ ಬಂಗಾರ ಆತು. ಅದೇ ಹೊತ್ತಿಗೆ ಬಂಡಿ ಮುಗಿಲಿಗೆ ಏರಬೇಕೇನು! ಮಂದಿ "ಆಹಾ!" ಅಂದ್ರು. ಆಮ್ಯಾಲ ಎಲ್ಲಾರೂ ಕೂಡೇ ಸೀನಿದ್ರು.

ಸಿನಿಮಾ ನಿಂತು ದೀಪ ಹತ್ತಿದ್ವು. ಮ್ಯಾನೇಜರ್ ಉರಕೋತ ಓಡಿ ಬಂದ. "ಯಾವಾಂವ ಅದು?"

ಅಮೋಗಸಿದ್ಧ ಅಷ್ಟೊತ್ತಿಗೆ ಕುರ್ಚ್ಯಾಗ ಕುಸದು, ಕೈ ಕಂಕುಳಾಗ ಮುಚ್ಚಿಕೊಂಡಿದ್ದ. ಗುರುಬಾಯಿ ಎದ್ದು ನಿಂತಳು.

"ನಾನರಿ ಸಾಹೇಬ್ರ. ಹಳ್ಳಿ ಮುದುಕಿ, ತಿಳೀಲಿಲ್ಲ."

"ಕಂಬಳಿ ಮಂದಿನ ಒಳಗ ಬಿಟ್ಟದ್ದೇ ತಪ್ಪು! ನಡಿ ಹೊರಗ! ಯಾರ ಜೋಡಿ ಬಂದಿ?"

ಗುರುಬಾಯಿ ಮಗನ ಕಡೆ ನೋಡಲೇ ಇಲ್ಲ. "ಯಾರ ಜೋಡೀನೂ ಇಲ್ರೆಪಾ. ಇವ್ರು ಬರೇ ಪರಿಚಯದವ್ರು."

ಭೂಮಿ ಬಾಯಿ ಬಿಟ್ರ ಇಳದು ಹೋಗಬೇಕು ಅನಸ್ತು ಅಮೋಗಸಿದ್ಧಗ. ಮಂದಿ ನಕ್ಕಾರಂತ ಅಲ್ಲ, ತಾ ಆಡಿದ ಸುಳ್ಳು ಅವ್ವನ ಬಾಯಾಗ ಕೇಳಬೇಕಾತಲ್ಲ ಅಂತ. ಅಂವ ದಡಗ್ಗನ ಎದ್ದ.

"ಸುಳ್ಳರಿ! ಈಕಿ ನಮ್ಮವ್ವ! ತೂರಿದಾಂವ ನಾ! ಕುಂಭಾರ್ಯಾಗ ಕುರಿ ಕಾಯೋ ಮನಿ ಮಗಾ ರೀ ನಾ!" ಎರಡೂ ಕೈ ಎತ್ತಿ ತೋರಿಸಿದ. ಮೊಣಕೈ ಮಟ ಹಳದಿ!

ಮೀಸಿಗೆ ಹತ್ತಿದ ಭಂಡಾರ ಒರಸಿಕೋತ ಕಲ್ಲಣ್ಣ ಮುಕಾದಮರು ಅಂದ್ರು: "ಗೊತ್ತಾತೋ ಮಾರಾಯಾ. ಹಂಗ ಒದರೋ ದನಿ ನವಿ ಪೇಠದಾಗ ಎಲ್ಲೈತಿ?"

ಮೂವರನ್ನೂ ರಸ್ತಾಕ್ಕ ದಬ್ಬಿದ್ರು. ಬರಿಗಾಲಿಲೇ ನಿಂತಿದ್ದ ಅಮೋಗಸಿದ್ಧ ಬಗ್ಗಿ ಅವ್ವನ ಪಾದ ಹಿಡದ. "ತಪ್ಪಾತವ್ವಾ."

ಗುರುಬಾಯಿ ಕಂಬಳಿ ಚುಂಗಿಲೆ ಮಗನ ಮಾರಿ ಒರಸಿದಳು. "ಇರಲಿ ಬಿಡು. ಆ ಮರಿ ಸಿಕ್ತೋ ಇಲ್ಲೋ ನೋಡಬೇಕು ನಾ. ನಾಳಿ ಮತ್ತ ಬರೂಣು. ಆ ಚೀಲ ಇತ್ತ ಕೊಡು."

"ಯಾಕವ್ವಾ?"

"ನೀ ತೂರತಿ!"