ಚೀಲವಿಲ್ಲದ ಯಂತ್ರ

ಮದುವೆಯಾದ ಎರಡನೆಯ ಕ್ರಿಸ್ಮಸ್ಸಿನ ದಿನ, ಅಮ್ಮನ ಮನೆಯಲ್ಲಿ ಊಟ ಮುಗಿಸಿ ಕಾರಿನಲ್ಲಿ ವಾಪಸು ಬರುವಾಗ, ನೆವಿಲ್ ಟ್ರಾಂಟರ್ ತನ್ನ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ಅವತ್ತು ಗ್ಲೆನಿಸ್ ಮಾಡಿಕೊಂಡು ಹೋಗಿದ್ದ ಪುಡಿಂಗನ್ನು ಅವಳ ಅತ್ತೆ ಐವಿ ಒಂದು ಚಮಚ ಬಾಯಿಗಿಟ್ಟು ನೋಡಿ, ಏನೂ ಅನ್ನದೆ, ಬಟ್ಟಲ ಸಮೇತ ಎತ್ತಿಕೊಂಡು ಹೋಗಿ ಕೋಳಿಗೂಡಿನಲ್ಲಿಟ್ಟು ಬಂದಿದ್ದಳು.

"ಬದುಕಿರೋವರೆಗೂ ಸಹಿಸ್ಕೋತೀನಿ ನೆವ್," ಅಂದಿದ್ದಳು ಗ್ಲೆನಿಸ್, ಕಿಟಕಿಯಾಚೆ ನೋಡುತ್ತ. "ಸತ್ತ ಮೇಲೆ ಮಾತ್ರ ನನ್ನನ್ನ ನಿಮ್ಮಮ್ಮನ ಹತ್ರ ಹಾಕ್ಬೇಡ. ಮಾತು ಕೊಡು."

ಹಿಂದೆ ಲಾರಿ, ಮುಂದೆ ತಿರುವು. ನೆವಿಲ್ ಮಾತು ಕೊಟ್ಟ.

ಅದರ ತೂಕ ಅವನಿಗೆ ತಿಳಿದದ್ದು ಐವಿ ಸತ್ತಾಗ. ಆಸ್ಟ್ರೇಲಿಯಾದ ಅವರ ಬೆನಲ್ಲಾ ಊರಿನ ಸ್ಮಶಾನದಲ್ಲಿ ಅವಳು ಇಡೀ ಕುಟುಂಬಕ್ಕೆ ಮೊದಲೇ ಜಾಗ ಹಿಡಿದಿಟ್ಟಿದ್ದಳು. ಗಂಡ ಒಂದು ಕಡೆ, ನಡುವೆ ತಾನು, ಇನ್ನೊಂದು ಕಡೆ ಮಗ-ಸೊಸೆಗೆಂದು ಖಾಲಿ. ಬಸ್ಸಿನಲ್ಲಿ ಕುಡುಕನ ಪಕ್ಕದ ಖಾಲಿ ಸೀಟನ್ನು ಹೆಂಗಸರು ಹೇಗೆ ನೋಡುತ್ತಾರೋ ಹಾಗೆ ಗ್ಲೆನಿಸ್ ಆ ಜಾಗವನ್ನು ನೋಡಿದ್ದಳು.

ಈ ಚಳಿಗಾಲವೆಲ್ಲ ನರಳಿ, ವಸಂತ ಕಾಲಿಡುವ ಹೊತ್ತಿಗೆ ಅವಳು ಹೋಗಿಬಿಟ್ಟಳು. ಹೋಗುವ ಮುಂಚೆ ಮಾತನ್ನು ನೆನಪಿಸಿ, ದಾರಿಯನ್ನೂ ತಾನೇ ತೋರಿಸಿದ್ದಳು. "ಸುಟ್ಟು, ಬೂದೀನ ನಮ್ಮ ಹಿತ್ತಲ ಹುಲ್ಲಿನ ಮೇಲೆ ಚೆಲ್ಲಿಬಿಡು. ಯಾರಿಗೂ ಹೇಳ್ಬೇಡ. ಪಕ್ಕದ್ಮನೆ ಡೋರೀನಿಗೆ ಗೊತ್ತಾದ್ರೆ ದಿನಾ ಬೆಳಿಗ್ಗೆ ಬೇಲಿ ಮೇಲಿಂದ ಹುಲ್ಲನ್ನ ಮಾತಾಡಿಸ್ತಾಳೆ."

ಗುರುವಾರ ಸಂಜೆ ನೆವಿಲ್ ಹಾಗೇ ಮಾಡಿದ. ಆದರೆ ಎರಡು ವಿಷಯ ಅವನ ತಲೆಗೆ ಹೊಳೆದಿರಲಿಲ್ಲ. ಹೆಂಡತಿಯ ಶುಶ್ರೂಷೆಯಲ್ಲಿ ತಿಂಗಳುಗಟ್ಟಲೆ ಕತ್ತರಿಸದೆ ಬಿಟ್ಟಿದ್ದ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಇನ್ನು ಬೂದಿಯೆಂದರೆ ಒಲೆಯ ಬೂದಿಯಂತೆ ನವಿರಾಗಿ ಹಾರಿ ಮಣ್ಣಿಗೆ ಸೇರುತ್ತದೆಂದು ಅವನು ತಿಳಿದಿದ್ದ. ಡಬ್ಬಿಯಿಂದ ಬಂದದ್ದು ದಪ್ಪ ರವೆಯಂಥ ಬಿಳಿಯ ಹರಳು. ಅದು ಹುಲ್ಲಿನ ಎಲೆಗಳ ಮೇಲೆ, ಬುಡದ ಒಣ ಕಸದ ಮೇಲೆ ಕೂತು, ಇಳಿಯುವ ಲಕ್ಷಣವನ್ನೇ ತೋರಿಸಲಿಲ್ಲ. ಒಂದು ಒಳ್ಳೆಯ ಮಳೆ ಬಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬರಿದಾಗಿತ್ತು.

ಶನಿವಾರ ಬೆಳಿಗ್ಗೆ ಡೋರೀನ್ ಬೇಲಿಯ ಮೇಲಿಂದ ತಲೆ ಹಾಕಿದಳು.

"ನೆವಿಲ್, ನಿನ್ನ ಹುಲ್ಲೊಳಗೆ ಹಾವು ಹೋಯ್ತು. ಕಂದು ಹಾವು. ಇಷ್ಟುದ್ದ."

ಎರಡೂ ಕೈ ಚಾಚಿ ತೋರಿಸಿದಳು. ಕೈ ಸಾಲದೆ ತಲೆಯನ್ನೂ ಪಕ್ಕಕ್ಕೆ ವಾಲಿಸಿದಳು. ಆ ಊರಿನಲ್ಲಿ ಕಂದು ಹಾವೆಂದರೆ ಆಟವಲ್ಲ. ಕಚ್ಚಿಸಿಕೊಂಡವನು ಗಾದೆ ಹೇಳುವಷ್ಟು ಹೊತ್ತು ಉಳಿಯುವುದಿಲ್ಲ. ಅವಳ ದನಿ ಕೇಳಿ ಇನ್ನೊಂದು ಪಕ್ಕದ ಮನೆಯ ಮರ್ವ್, ಕೈಯಲ್ಲಿ ಸಲಿಕೆ ಹಿಡಿದು, ಕರೆಯದೇ ಬಂದ. ರೈಲ್ವೆಯಿಂದ ನಿವೃತ್ತನಾದ ಮೇಲೆ ಮರ್ವ್ ಎಲ್ಲಿಗೂ ಕರೆಸಿಕೊಂಡು ಹೋದವನಲ್ಲ.

"ಇವತ್ತೇ ಕತ್ತರಿಸ್ಬೇಕು ಕಣೋ," ಅಂದ. "ಹುಲ್ಲು ಕತ್ತರಿಸೋ ನಿನ್ನ ಹಳೇ ಮೆಷಿನ್ನು?"

"ಸತ್ತಿದೆ," ಎಂದ ನೆವಿಲ್.

"ಹೋಗ್ಲಿ ಬಿಡು, ನಂದು ತರ್ತೀನಿ. ಕತ್ತರಿಸಿದ್ದನ್ನ ತುಂಬ್ಕೊಳ್ಳೋಕೆ ಹಿಂದೆ ಇಷ್ಟು ದೊಡ್ಡ ಚೀಲ. ಏನು ಎಳೆತ ಅಂತೀಯ, ನೆಲದ ಮೇಲೆ ಒಂದು ಕಡ್ಡಿ ಬಿಡಲ್ಲ. ಹೋದ್ವಾರ ಮೊಮ್ಮಗಳ ಕಾಲುಚೀಲ ಎಳ್ಕೊಂಡ್ತು, ಇನ್ನೂ ಹುಡುಕ್ತಾ ಇದೀವಿ."

"ಬೇಡ."

"ಯಾಕೆ?"

"ನಾನೇ ಹೊಸದು ತರ್ತೀನಿ. ಇವತ್ತೇ. ಚೀಲ ಇಲ್ಲದ್ದು."

ಮರ್ವ್ ಸಲಿಕೆಯನ್ನು ನೆಲಕ್ಕೂರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಚೀಲ ಇಲ್ಲದ್ದಾ? ಮತ್ತೆ ಕತ್ತರಿಸಿದ ಹುಲ್ಲು?"

"ಅಲ್ಲೇ ಇರ್ಲಿ."

"ಅಲ್ಲೇ ಕೊಳೀಲಿ ಅಂತಾನಾ?"

ಡೋರೀನ್ ಮರ್ವ್‌ಗೆ ಕಣ್ಣು ಮಿಟುಕಿಸಿದಳು. ದುಃಖದಲ್ಲಿರೋನು, ಬಿಡು, ಎಂಬ ಅರ್ಥದ ಆ ಮಿಟುಕು ಬೀದಿಯ ತುದಿಯವರೆಗೂ ಕಾಣುವಂತಿತ್ತು. ಆಮೇಲೆ ಇಬ್ಬರೂ ಸೇರಿ ನೆವಿಲ್‌ನ ದಿನವನ್ನು ಹಂಚಿಕೊಂಡರು. ಇಂಥ ಸ್ಥಿತಿಯಲ್ಲಿ ಅವನೊಬ್ಬನೇ ಅಂಗಡಿಗೆ ಹೋಗುವುದು ಸರಿಯಲ್ಲ, ಡೋರೀನ್ ಜೊತೆಗೆ ಹೋಗುವುದು; ಹಾವು ಮನೆಯೊಳಗೆ ನುಗ್ಗದಂತೆ ಮರ್ವ್ ಹಿತ್ತಲಲ್ಲಿ ಕಾವಲಿರುವುದು.

"ಹುಲ್ಲಿನ ಮೇಲೆ ಕಾಲಿಡ್ಬೇಡ ಮರ್ವ್," ಎಂದ ನೆವಿಲ್.

"ಹಾವಿರೋ ಹುಲ್ಲಿಗೆ ಯಾವನು ಕಾಲಿಡ್ತಾನೆ ಮಾರಾಯ?"

ಅದು ನ್ಯಾಯವೆನಿಸಿತು. ನೆವಿಲ್ ಕಾರು ಹತ್ತಿದ.

ದೊಡ್ಡ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲಿ ಶನಿವಾರದ ಪದ್ಧತಿಯಂತೆ ಸಾಸೇಜು ಸುಡುತ್ತಿದ್ದರು. ಅದರ ಹೊಗೆ ಮೂಗಿಗೆ ಬಡಿದಾಗ ನೆವಿಲ್‌ಗೆ ಬೇರೇನೋ ನೆನಪಾಗಿ, ಮುಖ ತಿರುಗಿಸಿ ಬೇಗ ಒಳಗೆ ಹೋದ. ಯಂತ್ರಗಳ ವಿಭಾಗದಲ್ಲಿ ರೋಂಡಾ ಎಂಬ ದಪ್ಪನೆಯ ಹೆಂಗಸು ಏಪ್ರನ್ ಕಟ್ಟಿಕೊಂಡು ನಿಂತಿದ್ದಳು.

"ಏನ್ ಬೇಕಿತ್ತು ರಾಜಾ? ಎಷ್ಟು ದೊಡ್ಡ ಹಿತ್ತಲು?"

"ಸಾಧಾರಣ. ಒಂದು ಬಟ್ಟೆ ಒಣಗಿಸೋ ಕಂಬ, ಒಂದು ನಿಂಬೆ ಗಿಡ, ಒಂದು ಬೆಂಚು."

"ಹಂಗಾದ್ರೆ ಬ್ಯಾಟರೀದು ಸಾಕು. ಸದ್ದಿಲ್ಲ, ಹೊಗೆಯಿಲ್ಲ. ಚೀಲ ನೋಡಿ, ಕುರಿಮರಿ ಹಿಡಿಯತ್ತೆ."

"ಏನನ್ನೂ ಎತ್ತದೇ ಇರೋದು ಇದೆಯಾ?"

ಹಲ್ಲುಸೆಟ್ಟಿನ ಅಂಗಡಿಯಲ್ಲಿ ಅಗಿಯದ ಹಲ್ಲು ಕೇಳಿದವನನ್ನು ನೋಡುವಂತೆ ರೋಂಡಾ ನೋಡಿದಳು. ಬಾಯಲ್ಲಿ ಹೇಳಿದರೆ ಗಿರಾಕಿಗೆ ತಿಳಿಯದೆಂದು, ಅಲ್ಲೇ ಹಾಸಿದ್ದ ಕೃತಕ ಹುಲ್ಲಿನ ಮೇಲೆ ಒಂದು ಹಿಡಿ ಬಿಳಿಯ ಮರಳು ಚೆಲ್ಲಿದಳು. ಯಂತ್ರ ಗುಂಯ್ ಎಂದು ಅದರ ಮೇಲೆ ಹಾದು ಹೋಯಿತು. ಹುಲ್ಲು ಮೊದಲಿನಂತೆ ಹಸಿರಾಯಿತು. ಒಂದು ಹರಳೂ ಉಳಿಯಲಿಲ್ಲ.

"ನೋಡಿದ್ರಾ?" ಎಂದಳು ರೋಂಡಾ.

ನೆವಿಲ್ ಪಕ್ಕದ ಗೊಬ್ಬರದ ಮೂಟೆಯ ಮೇಲೆ ಕುಸಿದು ಕೂತ. ಅವನ ಕಣ್ಣಿಂದ ನೀರು ಇಳಿಯತೊಡಗಿತು. "ಎತ್ತಬೇಡಿ," ಎಂದ. "ಅದರ ಪಾಡಿಗೆ ಅದು ಅಲ್ಲೇ ಇರ್ಲಿ."

ಗಿರಾಕಿಗಳು ಸೇರಿದರು. ಯಂತ್ರದ ಮುಂದೆ ಅಳುವವನನ್ನು ಕಂಡರೆ ಆ ಊರಿನವರು ಕಾರಣ ಕೇಳುವುದಿಲ್ಲ, ಸಲಹೆ ಕೊಡುತ್ತಾರೆ. ಟೋಪಿ ಹಾಕಿದ್ದ ಮುದುಕನೊಬ್ಬ, ಚೀಲ ತೆಗೆದು ಹುಲ್ಲನ್ನು ಅಲ್ಲೇ ಪುಡಿ ಮಾಡಿ ಉದುರಿಸುವ ಯಂತ್ರ ತಗೋ ಅಂದ.

"ಎಷ್ಟು ಪುಡಿ?" ನೆವಿಲ್ ಕಣ್ಣೊರೆಸಿಕೊಂಡು ಕೇಳಿದ.

"ಏನೇ ಸಿಗ್ಲಿ, ಹಿಟ್ಟು."

ಒಮ್ಮೆ ಸುಟ್ಟಿದ್ದಾಗಿದೆ, ಇನ್ನು ಬೀಸುವುದೂ ಬೇಕೇ ಎನ್ನಿಸಿ ಅವನು ಬೇಡವೆಂದು ತಲೆಯಾಡಿಸಿದ. ಇನ್ನೊಬ್ಬ, ಪಕ್ಕಕ್ಕೆ ತೂರುವ ಯಂತ್ರವೇ ಲೇಸೆಂದ. ಹಾಗಾದರೆ ಗ್ಲೆನಿಸ್ ಬೇಲಿ ಹಾರಿ ಡೋರೀನ್ ಒಣಹಾಕಿದ ಬಟ್ಟೆಗಳ ಮೇಲೆ ಬೀಳುತ್ತಾಳೆ. ಅದನ್ನು ಅವಳು ಯಾವ ಲೋಕದಲ್ಲಿದ್ದರೂ ಕ್ಷಮಿಸಲಾರಳು. ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಯಂತ್ರ ಅವನ ಕಣ್ಣಿಗೆ ಬಿತ್ತು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಚೀಲ ಇಲ್ಲ. ಎರಡು ಚಕ್ರ, ನಡುವೆ ಉರುಳುವ ಅಲಗುಗಳು, ತಳ್ಳಲು ಒಂದು ಹಿಡಿ. ಕತ್ತರಿಸಿದ್ದನ್ನು ಕತ್ತರಿಸಿದಲ್ಲೇ ಬಿಡುವ ಸಾಧು ಪ್ರಾಣಿ.

"ಇದು ಕೊಡಿ."

"ಹುಲ್ಲು ಉದ್ದ ಬೆಳೆದಿದ್ರೆ ಇದು ಆಗಲ್ಲ ರಾಜಾ, ಸಿಕ್ಹಾಕ್ಕೊಳತ್ತೆ," ಎಂದಳು ರೋಂಡಾ.

"ಮೊದ್ಲು ಕತ್ತರೀಲಿ ಕತ್ತರಿಸ್ತೀನಿ. ಮೊಣಕಾಲೂರಿ."

"ಹಾವಿನ ಮಧ್ಯ ಮೊಣಕಾಲೂರಿ ಕೂರ್ತಾನಂತೆ," ಎಂದಳು ಡೋರೀನ್, ಸೇರಿದವರಿಗೆಲ್ಲ ಕೇಳುವಂತೆ. ಆದರೆ ಹೇಳುತ್ತ ಹೇಳುತ್ತಲೇ ಅವಳ ಮುಖ ಬದಲಾಯಿತು. ಏನೋ ಹೊಳೆದವಳಂತೆ ನೆವಿಲ್‌ನ ತೋಳು ಹಿಡಿದಳು. "ಈಗ ಗೊತ್ತಾಯ್ತು ಕಣಪ್ಪ. ಗ್ಲೆನಿಸ್ ಓಡಾಡಿದ ಹುಲ್ಲು ಅಂತ ತಾನೆ? ಅದನ್ನ ಎತ್ತಿ ಬಿಸಾಕೋಕೆ ಮನಸ್ಸು ಬರ್ತಿಲ್ಲ ನಿಂಗೆ."

ಸತ್ಯಕ್ಕೆ ಅಷ್ಟು ಹತ್ತಿರ ಬಂದು ಹೀಗೆ ತಪ್ಪಿದ್ದು ನೆವಿಲ್‌ಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಅವನು ಹೌದೆಂದು ತಲೆಯಾಡಿಸಿಬಿಟ್ಟ. ಆ ದಿನ ಅವನು ಮಾಡಿದ ದೊಡ್ಡ ತಪ್ಪು ಅದೇ.

ಡೋರೀನ್ ಬಣ್ಣದ ಡಬ್ಬಗಳ ಸಾಲಿನಾಚೆ ಹೋಗಿ ಯಾರಿಗೋ ಫೋನು ಮಾಡಿದಳು. ವಾಪಸು ಬಂದಾಗ ಜೇನಿನಲ್ಲಿ ಅದ್ದಿ ತೆಗೆದವಳ ಹಾಗಿದ್ದಳು. ಯಂತ್ರದ ಪೆಟ್ಟಿಗೆಯನ್ನು ಕಾರಿಗೆ ತುಂಬಿಸಿದ ಮೇಲೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಸಾಸೇಜು ತಿನ್ನು ಅಂದಳು. ಅದಾದ ಮೇಲೆ ಕೆರೆ ದಂಡೆಯಲ್ಲಿ ಚಹಾ ಕುಡಿಯೋಣ ಅಂದಳು. ಚಹಾ ಆದ ಮೇಲೆ ತಂಗಿಯ ಮನೆಗೆ ಜಾಮಿನ ಸೀಸೆ ಕೊಟ್ಟು ಹೋಗೋಣ ಅಂದಳು. ತಂಗಿ ಇನ್ನೊಂದು ಚಹಾ ಮಾಡಿದಳು. ನೆವಿಲ್ ಕಾಲು ಕುಣಿಸುತ್ತ ಕೂತ. ಊರಿನ ಹೆಂಗಸರು ದುಃಖಿತನಿಗೆ ಕುಡಿಸುವ ಚಹಾವನ್ನು ಬೇಡವೆಂದು ಎದ್ದುಹೋದ ಗಂಡಸು ಇನ್ನೂ ಹುಟ್ಟಿಲ್ಲ.

ಮನೆ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಡೋರೀನ್ ಅವನ ಬೆನ್ನ ಮೇಲೆ ಕೈಯಿಟ್ಟು ಹಿತ್ತಲಿಗೆ ನಡೆಸಿಕೊಂಡು ಹೋದಳು.

ಹಿತ್ತಲು ಕ್ಷೌರ ಮಾಡಿಸಿಕೊಂಡ ಮದುಮಗನ ಕೆನ್ನೆಯಾಗಿತ್ತು. ಬೆಂಚಿನ ಸುತ್ತ, ನಿಂಬೆ ಗಿಡದ ಬುಡ, ಎಲ್ಲೂ ಒಂದು ಎಳೆಯಿಲ್ಲ, ಒಂದು ಬಿಳಿಯ ಹರಳಿಲ್ಲ. ನಡುವೆ ಮರ್ವ್ ಬೆವರೊರೆಸಿಕೊಳ್ಳುತ್ತ ನಿಂತಿದ್ದ.

"ನಿನ್ನ ಕೈಲಿ ಆಗಲ್ಲ ಅಂತ ಡೋರೀನ್ ಹೇಳಿದ್ಲು," ಅಂದ. "ನೋಡೋ ಸಂಕಟಾನೂ ನಿಂಗೆ ಬೇಡ ಅಂತ, ನೀನಿಲ್ದಾಗ್ಲೇ ಮುಗಿಸ್ದೆ. ಎರಡು ಸಲ ಓಡಿಸ್ದೆ, ಎರಡ್ನೇ ಸಲ ಅಲಗು ಪೂರ್ತಿ ಕೆಳಗಿಳಿಸಿ. ಹಾವು ಗೀವು ಏನೂ ಇರ್ಲಿಲ್ಲ."

ನೆವಿಲ್ ಹಸಿರು ಕಸದ ಡಬ್ಬದ ಕಡೆಗೆ ಓಡಿದ. ಮುಚ್ಚಳ ತೆಗೆದ. ಖಾಲಿ.

"ಹುಲ್ಲೆಲ್ಲಿ ಮರ್ವ್?"

"ಕಸಕ್ಕೆ ಹಾಕ್ತೀನೇನೋ? ಗ್ಲೆನಿಸ್ ಓಡಾಡಿದ ಹುಲ್ಲು ಅಂತ ಗೊತ್ತಾದ ಮೇಲೆ?" ಮರ್ವ್‌ಗೆ ನಿಜಕ್ಕೂ ನೋವಾಯಿತು. "ಶನಿವಾರ ನಾನು ನನ್ನ ಹೆಂಡ್ತಿ ವೆರಾಳ ಸಮಾಧಿಗೆ ನೀರು ಹಾಕೋಕೆ ಹೋಗ್ತೀನಲ್ಲ, ಹಾಗೇ ಟ್ರೇಲರಿಗೆ ತುಂಬ್ಕೊಂಡು ಹೋದೆ. ನಿಮ್ಮಮ್ಮನ ಸಮಾಧಿ ಮೇಲಿನ ಗುಲಾಬಿ ಒಣಗಿ ನಿಂತಿದ್ವು ಕಣೋ, ನೋಡೋಕಾಗ್ತಿರ್ಲಿಲ್ಲ. ನಿಂಗಾದ್ರೂ ಈ ವರ್ಷ ಹೋಗೋಕೆ ಪುರಸೊತ್ತೆಲ್ಲಿತ್ತು. ಅಷ್ಟೂ ಹುಲ್ಲು ಅವಕ್ಕೇ ಹೊದಿಸಿ ಬಂದೆ. ಬೇಸಿಗೆಗೆ ಬುಡ ತಂಪಾಗಿರತ್ತೆ."

ನೆವಿಲ್ ಖಾಲಿ ಡಬ್ಬದ ಮುಚ್ಚಳ ಮುಚ್ಚಿದ.

"ನೀನೂ ಜಾಣ ಬಿಡು, ಮೊದ್ಲೇ ಮೂಳೆಗೊಬ್ಬರ ಹಾಕಿದ್ದೆ. ಬೆಳ್ಳಗೆ ಕಾಣ್ತಿತ್ತು. ಗುಲಾಬಿಗೆ ಅದಕ್ಕಿಂತ ಇನ್ನೇನು ಬೇಕು? ಎಲ್ಲಾ ಮಣ್ಣಿಗೆ ಇಳೀಲಿ ಅಂತ ಮೇಲಿಂದ ಎಂಟು ಕ್ಯಾನು ನೀರು ಹುಯ್ದು, ಚೆನ್ನಾಗಿ ತುಳಿದು ಬಂದಿದೀನಿ."

ಡೋರೀನ್ ಮೂಗೊರೆಸಿಕೊಂಡಳು. "ಸೊಸೆ ಹಿತ್ತಲ ಹುಲ್ಲು, ಅತ್ತೆ ಗುಲಾಬಿಗೆ. ನಿಮ್ಮಮ್ಮ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರೋ. ಥ್ಯಾಂಕ್ಸ್ ಹೇಳು ನೆವಿಲ್."

"ಥ್ಯಾಂಕ್ಸ್ ಮರ್ವ್," ಎಂದ ನೆವಿಲ್.

ಸಂಜೆ ಅವನು ಸ್ಮಶಾನಕ್ಕೆ ಹೋದ. ಐವಿಯ ಹೆಸರು ಕೆತ್ತಿದ ಕಲ್ಲಿನ ಮುಂದೆ ಮೊಣಕಾಲೂರಿ, ಒದ್ದೆ ಹುಲ್ಲನ್ನು ಹಿಡಿ ಹಿಡಿಯಾಗಿ ಎತ್ತಿ ನೋಡಿದ. ಹುಲ್ಲು ಬರಿಯ ಹುಲ್ಲಾಗಿತ್ತು. ಹರಳುಗಳೆಲ್ಲ ನೀರಿನ ಜೊತೆ ಇಳಿದುಹೋಗಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, ಮಣ್ಣಾಗಿದ್ದ ಅವನ ಕೈಗಳನ್ನು ನೋಡಿ, "ಹೆತ್ತ ತಾಯಿ ಮೇಲೆ ಈ ಕಾಲದಲ್ಲಿ ಯಾರಿಗಪ್ಪಾ ಇಷ್ಟು ಪ್ರೀತಿ," ಎಂದು ಹೇಳಿ ಮುಂದೆ ಹೋದಳು.

ಗ್ಲೆನಿಸ್ ತನ್ನ ಅತ್ತೆಯ ಹತ್ತಿರವಿದ್ದಳು. ನೆವಿಲ್ ಕೊಟ್ಟ ಮಾತು ಉಳಿಯಲಿಲ್ಲ.