ಶಾಲಿನೊಳಗಿನ ಚೌಕಾಶಿ

ಎಮ್ಮೆ ಮಾರಲು ಹೊರಟ ಬಸವಣಪ್ಪ ಗೂಟದ ಮೇಲಿದ್ದ ಶಾಲನ್ನು ಎಳೆದುಕೊಂಡದ್ದೇ ಎಡವಟ್ಟಾಯಿತು. ಹುಮನಾಬಾದಿನ ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವವರಿಲ್ಲ. ಮಾರುವವನೂ ಕೊಳ್ಳುವವನೂ ಬಟ್ಟೆಯ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿಯೇ ಚೌಕಾಶಿ ಮಾಡಬೇಕು. ಮುಗಿಯುವ ಮೊದಲು ಕೈ ಎಳೆದುಕೊಂಡರೆ ಎದುರಿನವನಿಗೆ ಅವಮಾನ. ಅದಕ್ಕೊಂದು ದಪ್ಪ ಬಟ್ಟೆ ಬೇಕಿತ್ತು, ಅಷ್ಟೇ.

ಆ ಶಾಲು ಇಂಜಿನಿಯರಿಂಗ್ ಓದುವ ಮಗಳು ಪೂನಂ ಹೆಣೆದದ್ದು. ಲಕ್ವ ಹೊಡೆದು ಮಾತು ನಿಂತ ಅಜ್ಜಿಗಾಗಿ ಉಣ್ಣೆಯ ಜೊತೆ ಕರೆಂಟು ಹರಿಯುವ ಎಳೆ ಸೇರಿಸಿದ್ದಳು. ಹೆಣಿಗೆಯನ್ನು ಒಂದು ಕಡೆ ಮುಟ್ಟಿದರೆ ‘ನೀರು ಕೊಡ್ರಿ’, ಇನ್ನೊಂದು ಕಡೆ ‘ಬ್ಯಾಡ’, ಮತ್ತೊಂದು ಕಡೆ ‘ಹೂಂ, ಆಗ್ಲಿ’ ಎನ್ನುತ್ತಿತ್ತು. ದನಿ ಬಸವಣಪ್ಪನ ಹೆಂಡತಿ ಶಕುಂತಲಾಬಾಯಿಯದು. ಆ ದನಿಗೆ ಮನೆಯವರೆಲ್ಲ ಎದ್ದು ಓಡಿ ಬರುತ್ತಾರೆಂಬುದು ಪೂನಂಗೆ ಗೊತ್ತಿತ್ತು. ಇದನ್ನೆಲ್ಲ ಅಪ್ಪನಿಗೂ ವಿವರಿಸಿದ್ದಳು. ಅಪ್ಪ ತಲೆಯಾಡಿಸುತ್ತ ಎಮ್ಮೆಯ ಯೋಚನೆಯಲ್ಲಿದ್ದ.

ಯೋಚನೆಗೆ ಕಾರಣವಿತ್ತು. ಸಂತೆಗೆ ಹೋದಾಗಲೆಲ್ಲ ಟೋಪಿ ಹಾಕಿಸಿಕೊಂಡು ಬರುವುದರಲ್ಲಿ ಈ ಬಡಪಾಯಿ ತನ್ನ ಊರಾದ ಕೊಹಿನೂರಿಗೇ ಹೆಸರುವಾಸಿ. ಈ ಸಲ ಹೆಂಡತಿಯ ಬುದ್ಧಿಮಾತಿಲ್ಲದೆ, ತಾನೊಬ್ಬನೇ ಒಳ್ಳೆಯ ದರಕ್ಕೆ ಮಾರಿ ತೋರಿಸುತ್ತೇನೆಂದು ಮೀಸೆ ತಿರುವಿ ಬಂದಿದ್ದ.

ಮನ್ನಾಏಖೇಳ್ಳಿಯ ವ್ಯಾಪಾರಿ ಖಮರುದ್ದೀನ್ ಎಮ್ಮೆಯ ಹಲ್ಲು ನೋಡಿ, ಶಾಲಿನೊಳಗೆ ಕೈ ಹಾಕಿ ಬೆರಳು ಒತ್ತಿದ.

“ಬ್ಯಾಡ,” ಎಂದಿತು ಶಕುಂತಲಾಬಾಯಿಯ ದನಿ.

ಖಮರುದ್ದೀನ್ ಬೆಚ್ಚಿದ. “ಬಸಣ್ಣ, ಭಾಭೀ ಫೋನ್‌ನಾಗ ಅದಾರೇನು?”

ಬಸವಣಪ್ಪನಿಗೂ ಅದೇ ಅನುಮಾನ. ಎಡಗೈಯಿಂದ ಫೋನ್ ತೆಗೆದು ಆಫ್ ಮಾಡಿದ. “ಯಾರೂ ಇಲ್ಲ, ನೀ ನಡಸು.”

ಖಮರುದ್ದೀನ್ ದರವನ್ನು ಒಂದು ಬೆರಳು ಏರಿಸಿದ. “ಬ್ಯಾಡ.”

ಈಗ ಬಸವಣಪ್ಪನಿಗೆ ಶಾಲಿನ ಬಗ್ಗೆ ಮಗಳು ಹೇಳಿದ್ದು ನೆನಪಾಯಿತು. ಕೈ ಎಳೆದುಕೊಳ್ಳುವಂತಿಲ್ಲ. ಬಾಯಿ ಮುಚ್ಚಿಸಲೆಂದು ಶಾಲನ್ನು ಮುದ್ದೆ ಮಾಡಿ ಹಿಡಿದ. ಅದು “ಬ್ಯಾಡ, ಬ್ಯಾಡ, ನೀರು ಕೊಡ್ರಿ, ಬ್ಯಾಡ” ಎಂದು ಒದರತೊಡಗಿತು. ಜನ ಸೇರಿತು. ಯಾರೋ ಪುಣ್ಯಾತ್ಮ ಓಡಿ ಹೋಗಿ ತಂಬಿಗೆಯಲ್ಲಿ ನೀರು ತಂದ.

ಪಕ್ಕದ ಮನೆಯ ಅಮೋಘಸಿದ್ದಪ್ಪ ಅಲ್ಲೇ ಎತ್ತು ಹಿಡಿದು ನಿಂತಿದ್ದ. “ವೈನಿ ಬ್ಯಾಡ ಅನ್ನಾಕತ್ತಾರ, ಸುಮ್ಮ ಕೇಳು ಬಸಣ್ಣ. ಅವರಿಗಿ ತಿಳೀತದ.”

“ವೈನಿ ಅಲ್ಲೋ ಮಾರಾಯ, ಶಾಲು ಮಾತಾಡಾಕತ್ತದ.”

“ಹೆಂಡ್ತಿ ಮಾತು ಕೇಳಾಕ ನಾಚಿಕಿ ಯಾಕ? ನಾವೆಲ್ಲ ಕೇಳೋರೇ ಅದೇವಿ.”

ಸಂತೆ ಗೊಳ್ಳೆಂದು ನಕ್ಕಿತು. ಖಮರುದ್ದೀನ್ ಬೆವರೊರೆಸಿಕೊಂಡು ದರ ಏರಿಸಿದ, ಮತ್ತೆ ಏರಿಸಿದ. ಕಡೆಗೆ ಸೋತು ಬೆರಳು ಜಾರಿಸಿದಾಗ ಶಾಲು “ಹೂಂ, ಆಗ್ಲಿ” ಎಂದಿತು. ಅಂಥ ದರ ಆ ದಿನ ಯಾವ ಎಮ್ಮೆಗೂ ಸಿಕ್ಕಿರಲಿಲ್ಲ.

“ಭಾಭೀಗಿ ನನ್ನ ಸಲಾಂ ಹೇಳ್ರಿ,” ಎಂದು ಖಮರುದ್ದೀನ್ ಎಮ್ಮೆ ಹೊಡೆದುಕೊಂಡು ಹೋದ.

ಹೋಗಲಿ, ದರ ಸಿಕ್ಕಿತಲ್ಲ. ಮನೆಯಲ್ಲಾದರೂ ಜಂಬ ಕೊಚ್ಚಬಹುದೆಂದು ಬಸವಣಪ್ಪ ಬಸವಕಲ್ಯಾಣದ ಬಸ್ಸು ಹಿಡಿದ. ಊರು ಮುಟ್ಟಿದರೆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಎತ್ತು ಮಾರಿ, ಯಾರದೋ ಮೋಟರ್‌ಸೈಕಲ್ ಮೇಲೆ ಅವನಿಗಿಂತ ಮೊದಲೇ ಬಂದ ಅಮೋಘಸಿದ್ದಪ್ಪ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದ. ಪಡಸಾಲೆಯ ತುಂಬ ರೈತರು ಶಕುಂತಲಾಬಾಯಿಯ ಎದುರು ಕೈಕಟ್ಟಿ ಕೂತಿದ್ದರು.

“ಮುಂದಿನ ಸಂತಿಗಿ ಇವರ ದನದ ವ್ಯಾಪಾರ ಎಲ್ಲಾ ನಾನೇ ಮಾಡಬೇಕಂತರಿ. ಹೂಂ ಅಂದೀನಿ,” ಎಂದಳು ಆಕೆ.

ಬಸವಣಪ್ಪ ಅವಳನ್ನು ಅಡಿಗೆಮನೆಗೆ ಕರೆದ. “ಅದು ಶಾಲು ಅಂತ ಹೇಳಲಿಲ್ಲೇನು?”

“ಅವರು ಕೇಳಲಿಲ್ಲ, ನಾ ಹೇಳಲಿಲ್ಲ.” ಗಂಡನ ಸಪ್ಪೆ ಮುಖ ನೋಡಿ ಅವಳಿಗೆ ಅಯ್ಯೋ ಎನಿಸಿತು. ತಾಟು ಹಾಕಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. “ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗೂ ಒಂದು ಕೆಲಸ ಹಚ್ಚೀನಿ.”

“ಏನದು?”

“ಸಂತಿ ತನಕ ದನ ಹೊಡಕೊಂಡು ಬರಾಕ ಒಬ್ಬ ಆಳು ಬೇಕಂದ್ರು. ನಿಮ್ಮ ಹೆಸರು ಹೇಳೀನಿ.”