ವಿಮಾನಕ್ಕೆ ಈಬತ್ತಿ

ಶುರುವಿಗೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ವಿವರಗಳಲ್ಲಿ ಕೆಲವು ತಪ್ಪಿರಬಹುದು. ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ನೆನಪು ಚೆನ್ನಾಗಿದೆ ಎಂದಲ್ಲ, ನೆನಪಿನ ಮೇಲೆ ನಂಬಿಕೆಯಿಲ್ಲ ಎಂದು. ಇತಿಹಾಸ ಓದಿದವರಿಗೆ ಅಂಟುವ ರೋಗ ಇದು. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಮಕ್ಕಳಿಗೆ "ಕಣ್ಣಾರೆ ಕಂಡೆ ಅನ್ನುವವನ ಮಾತನ್ನು ಎರಡು ಸಲ ತೂಗಿ ನೋಡಬೇಕು" ಎಂದು ಪಾಠ ಹೇಳಿ, ಸಂಜೆ ಕೊಟ್ಟೂರಿನ ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ತೂಗುತ್ತಾ ಬರುವವಳು ನಾನು. ಆದರೆ ವಿಮಾನಕ್ಕೆ ಈಬತ್ತಿ, ಅಂದರೆ ವಿಭೂತಿ, ಹಚ್ಚಿ ತಿಕ್ಕಿದ್ದು ನಾನೇ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿದೆ.

ವಿಮಾನವೆಂದರೆ ಹಾರುವ ವಿಮಾನವಲ್ಲ, ಮೊಳದುದ್ದದ ತೇಗದ ಮಾದರಿ. ನಮ್ಮ ದೊಡ್ಡಪ್ಪ ವಾಯುಪಡೆಯಲ್ಲಿದ್ದರು. ಇದ್ದದ್ದು ನೆಲದ ಮೇಲೆ, ವಿಮಾನದ ಮೀಟರುಗಳನ್ನು ರಿಪೇರಿ ಮಾಡುವ ಕೆಲಸ. ನಮ್ಮ ಓಣಿಯವರಿಗೆ ಈ ಸೂಕ್ಷ್ಮವೆಲ್ಲ ಬೇಕಿಲ್ಲ. ಗುಂಡು ಹೊಡೆಯುವುದು, ನೀರಿನಲ್ಲಿ ತೇಲುವುದು, ಆಕಾಶದಲ್ಲಿ ಹಾರುವುದು ಎಲ್ಲವೂ ಅವರಿಗೆ ಒಂದೇ, ಹಾಗಾಗಿ ದೊಡ್ಡಪ್ಪ "ಮಿಲ್ಟ್ರಿ ಅಜ್ಜ". ಕೆಲಸ ಬಿಡುವ ಮುಂಚೆ ಬಿಡುವಿನ ವೇಳೆಯಲ್ಲಿ ಅವರೇ ಕೆತ್ತಿ ತಂದದ್ದು ಈ ಎರಡು ಸೀಟಿನ ತರಬೇತಿ ವಿಮಾನ. ಸೀಟುಗಳ ಮೇಲೆ, ಸವತೆಕಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದ ಹಾಗೆ, ಗೇಣುದ್ದದ ಒಂದು ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ. ನಿಜವಾದ ವಿಮಾನದ್ದೇ ಒಡೆದ ಚೂರೊಂದನ್ನು ಕಾಯಿಸಿ, ಅಚ್ಚಿಗೆ ಬಗ್ಗಿಸಿ ಮಾಡಿದ್ದಂತೆ. ದೊಡ್ಡಪ್ಪ ಅದನ್ನು "ಕ್ಯಾನೊಪಿ" ಅನ್ನುತ್ತಾರೆ, ದೊಡ್ಡವ್ವ "ಗುಳ್ಳಿ" ಅನ್ನುತ್ತಾಳೆ. ಎರಡು ಪದವಿ ಪಡೆದ ನನಗೂ ಗುಳ್ಳಿ ಎಂಬುದೇ ಸರಿಯಾಗಿ ಕಾಣುತ್ತದೆ.

ಗುಳ್ಳಿಯೊಳಗೆ ಬಗ್ಗಿ ನೋಡಿದರೆ ಮುಂದಿನ ಸೀಟಿನೆದುರು ಸಾಸಿವೆಕಾಳಿನಷ್ಟು ಸಣ್ಣ ಮೀಟರುಗಳು ಕಾಣುತ್ತವೆ. ಒಂದೊಂದರಲ್ಲೂ ಕೂದಲೆಳೆಯಷ್ಟು ಬಿಳಿ ಮುಳ್ಳು. ಮನೆಗೆ ಬಂದವರು ಯಾರೇ ಆಗಲಿ, ಚಹಾಕ್ಕೆ ಮೊದಲು ಇದನ್ನು ನೋಡಲೇಬೇಕು. ಗುಳ್ಳಿಯ ಎಡಮಗ್ಗುಲಿಗೆ, ಬಿದಿಗೆಯ ಚಂದ್ರನ ಹಾಗೆ ಬಾಗಿದ ಹಳೆಯದೊಂದು ಗೀರಿತ್ತು. ದೊಡ್ಡಪ್ಪ ಅದರ ಮೇಲೆ ಹೆಬ್ಬೆರಳಿಟ್ಟು, "ಇದರ ತೆಳಗ ನೋಡ್ರಿ, ಎತ್ತರದ ಮೀಟರು. ಐದು ಸಾವಿರ ಅಡಿ ಐತಿ ನೋಡ್ರಿ" ಎನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೂ, ತಮಗೇ ಏನೂ ಕಾಣದಿದ್ದರೂ, ನೆನಪಿನಿಂದಲೇ ತೋರಿಸುತ್ತಿದ್ದರು. ಕೊನೆಗೆ ದಾವಣಗೆರೆಯಲ್ಲಿ ಆಪರೇಷನ್ ಎಂದು ಗೊತ್ತಾದಾಗ ಅವರು ಹೇಳಿದ್ದು ಒಂದೇ ಮಾತು: "ಕಣ್ಣು ಬಂದ ಕೂಡ್ಲೆ ಮೊದಲು ಆ ಮೀಟರು ನೋಡಬೇಕವ ಗಿರಿಜಾ."

ಅವರು ಅತ್ತ ಹೋದದ್ದೇ ತಡ, ಇತ್ತ ದೊಡ್ಡವ್ವ ಮನೆಗೆ ಬಣ್ಣ ಹೊಡೆಸಲು ಆಳು ಕರೆಸಿದಳು. ಗಂಡ ಮನೆಯಲ್ಲಿ ಇಲ್ಲದಾಗಲೇ ಇಂಥ ಕೆಲಸ ಆಗಬೇಕು, ಇದ್ದರೆ ಬಣ್ಣದವರಿಗೆ ಬ್ರಷ್ ಹಿಡಿಯುವುದನ್ನೂ ಕಲಿಸುತ್ತಾರೆ ಎಂಬುದು ಅವಳ ಲೆಕ್ಕ. ಗೋಡೆ ಉಜ್ಜಿದ ಬಿಳಿ ಧೂಳಿನಲ್ಲಿ ಮುಳುಗಿದ್ದ ವಿಮಾನವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮನೆಗೆ ತಂದಳು. "ಇದನ್ನ ನಿನ್ನ ಮನ್ಯಾಗ ಇಟ್ಕಳವ. ಅವರು ಹುಚ್ಚರು, ಇದಕ್ಕೂ ಒಂದು ಕೋಟು ಹೊಡದು ಬಿಡ್ತಾರ" ಎಂದು ಹೇಳಿ, ಮಾರನೆಯ ದಿನ ತಾನೂ ಗಂಡನ ಹಿಂದೆ ದಾವಣಗೆರೆಗೆ ಹೋದಳು. ಆಪರೇಷನ್ ಆದ ಮೇಲೆ ಹರಪನಹಳ್ಳಿಯಲ್ಲಿ ಮಗಳ ಮನೆಯಲ್ಲಿ ಹತ್ತು ದಿನ ಇದ್ದು ಬರುವುದೆಂದು ಮಾತಾಗಿತ್ತು. ಒರೆಸು ಎಂದು ಅವಳು ಹೇಳಿದ್ದಳೇ? ನನಗೆ ನೆನಪಿಲ್ಲ. ದಿನಚರಿಯಲ್ಲಿ "ವಿಮಾನ ಬಂತು. ಧೂಳು" ಎಂದಷ್ಟೇ ಇದೆ.

ನಮ್ಮ ಮನೆಗಳಲ್ಲಿ ತಿಕ್ಕುವುದಕ್ಕೆ ಒಂದು ಶಾಸ್ತ್ರವಿದೆ. ಹಿತ್ತಾಳೆಗೆ ಹುಣಸೆಹಣ್ಣು, ಕಂದೀಲಿನ ಗಾಜಿಗೆ ಒಲೆಯ ಬೂದಿ, ಬೆಳ್ಳಿಗೆ ಈಬತ್ತಿ. ಲಿಂಗದ ಕರಡಿಗೆಯಿಂದ ಹಿಡಿದು ಕಾಲುಂಗುರದವರೆಗೆ ಯಾವ ಬೆಳ್ಳಿ ಕಪ್ಪಾದರೂ ನಮ್ಮವ್ವ ದೇವರ ಮಾಡದಲ್ಲಿದ್ದ ಈಬತ್ತಿ ಗಟ್ಟಿಯನ್ನು ಪುಡಿ ಮಾಡಿ ತಿಕ್ಕುತ್ತಿದ್ದಳು; ಬೆಳ್ಳಿ ಮದುವೆ ಮನೆಯ ಹಾಗೆ ಬೆಳಗುತ್ತಿತ್ತು. ಗುಳ್ಳಿಯನ್ನು ನೋಡಿದ ಕೂಡಲೇ ನನ್ನ ತಲೆಯಲ್ಲಿ ಎರಡು ಶಾಸ್ತ್ರಗಳು ಕೂಡಿಕೊಂಡವು. ನೋಡಿದರೆ ಕಂದೀಲಿನ ಗಾಜಿನಂತಿದೆ, ಆದ್ದರಿಂದ ಬೂದಿ. ಮರ್ಯಾದೆಯಲ್ಲಿ ಬೆಳ್ಳಿಗಿಂತ ಹೆಚ್ಚು, ಆದ್ದರಿಂದ ಈಬತ್ತಿ. ಈಬತ್ತಿಯೂ ಬೂದಿಯೇ ತಾನೇ? ಒಣ ಬಟ್ಟೆಗೆ ಪುಡಿ ಹಚ್ಚಿ, ಭಕ್ತಿಯಿಂದ, ಬಲವಾಗಿ ತಿಕ್ಕಿದೆ. ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಾಗ ಗುಳ್ಳಿಯ ತುಂಬ ಬೆಕ್ಕು ಪರಚಿದಂತೆ ನೂರಾರು ಗೀರು. ಗೋಡೆಯ ಧೂಳಿನಲ್ಲಿ ಸಣ್ಣ ಮರಳಿತ್ತೋ, ಗಟ್ಟಿಯಲ್ಲೇ ಇತ್ತೋ ತಿಳಿಯದು. ಒಳಗಿನ ಮೀಟರುಗಳು ಮಂಜಿನಾಚೆಯ ಸಾಸಿವೆಕಾಳಾಗಿದ್ದವು. ದೊಡ್ಡಪ್ಪನಿಗೆ ಅಲ್ಲಿ ಡಾಕ್ಟರು ಪೊರೆ ತೆಗೆಯುತ್ತಿದ್ದ ಹೊತ್ತಿಗೆ ಇಲ್ಲಿ ನಾನು ಅವರ ವಿಮಾನಕ್ಕೆ ಪೊರೆ ತರಿಸಿದ್ದೆ.

ಮೊದಲು ಹಲ್ಲುಜ್ಜುವ ಪೇಸ್ಟು ಹಚ್ಚಿದೆ. ತೀರ ಮೇಲಿನ ಒಂದೆರಡು ಗೀರು ಹೋದವು, ಉಳಿದವು ಪುದೀನಾ ವಾಸನೆ ಬೀರುತ್ತಾ ಅಲ್ಲೇ ಕೂತವು. ಇನ್ನು ಉಳಿದದ್ದು ಶಿವು. ಶಿವು ದೊಡ್ಡಪ್ಪನ ಮಗ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಕೂಡ್ಲಿಗಿಯಲ್ಲಿ ಲಾರಿ, ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು ಇಟ್ಟಿದ್ದಾನೆ. ಅವನ ಹತ್ತಿರ ಹೋಗುವುದಕ್ಕೆ ನನಗೆ ಮುಜುಗರ. ಕಾರಣ ಆ ಹಳೆಯ ಗೀರು. ಅದು ಬಿದ್ದದ್ದು ನಾವು ಚಿಕ್ಕವರಿದ್ದಾಗ. ಅದಕ್ಕಾಗಿ ಬೆನ್ನಿನ ಮೇಲೆ ಎರಡು ಏಟು ತಿಂದವನು ಶಿವು. ಅಂದಿನಿಂದ ಆ ವಿಮಾನವನ್ನು ಅವನು ಮುಟ್ಟಿದ್ದಿಲ್ಲ. ಹಾಗಾಗಿ ನಾನು ಸುಳ್ಳು ಹೇಳಿದೆ. ನನ್ನ ಸ್ಕೂಟರಿನ ಹೆಡ್‌ಲೈಟು ಮಸುಕಾಗಿದೆ, ಪ್ಲಾಸ್ಟಿಕ್ಕು, ಬಾಗಿದೆ, ಇಷ್ಟು ಉದ್ದ ಎಂದು ಕೈಯಲ್ಲಿ ತೋರಿಸಿದೆ.

ಶಿವು ನನ್ನ ಕೈಯನ್ನೇ ನೋಡಿದ. "ಗೇಣುದ್ದದ ಹೆಡ್‌ಲೈಟು ಯಾವ ಸ್ಕೂಟರಿಗೈತಿ ಅಕ್ಕ? ಅಪ್ಪನ ಗುಳ್ಳಿ ಕೆಡಿಸೀಯಲ್ಲ?"

ಒಪ್ಪಿಕೊಂಡೆ. ಯಾವುದರಿಂದ ತಿಕ್ಕಿದೆ ಎಂದು ಕೇಳಿದ. ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ರೇ ಗನ್ ಕೆಳಗಿಟ್ಟು ನಕ್ಕ. "ಈಬತ್ತಿನಾ? ಯವ್ವಾ! ಅದು ಇಮಾನ ಅಕ್ಕ, ಐನೋರ ಹಣಿ ಅಲ್ಲ!"

"ನಗಬ್ಯಾಡ ಶಿವು. ನೀನ ಮಾಡಿಕೊಡು. ಬರೋ ವಾರ ದೊಡ್ಡಪ್ಪ ಬರ್ತಾನ."

"ನಾ ಒಲ್ಲೆ. ಮುಟ್ಟಲಾರದ ಒಂದು ಸಲ ಬಡಿಸ್ಕಂಡೀನಿ. ಈಗ ಮುಟ್ಟಿ ಮತ್ತ ಬಡಿಸ್ಕಳ್ಳಾ?"

"ಮುಟ್ಟಲಾರದನಾ?" ಎಂದೆ.

ಅವನು ಕಪಾಟಿನಿಂದ ವಾಟರ್ ಪೇಪರ್ ಎಳೆದ. ಅದು ನೀರು ಹಾಕಿಕೊಂಡು ತಿಕ್ಕುವ ಉಪ್ಪುಕಾಗದ. "ನೋಡಿಲ್ಲಿ. ಸಾವಿರದ್ದು, ಒಂದೂವರೆ ಸಾವಿರದ್ದು, ಎರಡು ಸಾವಿರದ್ದು. ನಂಬರ್ ಏರಿದಂಗ ನುಣುಪು. ಉಗುರಿಗೆ ಸಿಗೋ ಗೀರಿಗೆ ಮಾತ್ರ ಸಾವಿರದ್ದು ಬೇಕು. ಎಲ್ಲಾಕ್ಕಿಂತ ಆಳದ್ದು ಯಾವುದೈತೋ ಅಲ್ಲಿಂದ ಸುರು ಮಾಡು. ಮೊದಲು ಉದ್ದಕ ತಿಕ್ಕು, ಕಾಗದ ಬದಲಿ ಮಾಡಿದ ಮ್ಯಾಲೆ ಅಡ್ಡ ತಿಕ್ಕು. ಉದ್ದನ್ನ ಗೆರಿ ಒಂದೂ ಉಳೀಬಾರದು, ಆವಾಗ ಮುಂದಿನ ಕಾಗದ. ಪ್ರತಿ ಸಲ ನೀರು ಚೆಲ್ಲಿ ಹೊಸ ನೀರು. ಥಿನ್ನರು, ಪೆಟ್ರೋಲು ಹತ್ರ ತರಬ್ಯಾಡ, ಹಾಲು ಒಡದಂಗ ಒಡೀತೈತಿ." ಕೊನೆಯಲ್ಲಿ ಉಜ್ಜಲು ಕಾರಿಗೆ ಹಾಕುವ ಪಾಲಿಶ್ ಒಂದಿಷ್ಟನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಟ್ಟ. ನಾನು ಎಲ್ಲವನ್ನೂ ಬರೆದುಕೊಂಡೆ. "ಕಾಲೇಜಿನ್ಯಾಗ ಹುಡುಗ್ರು ನಿನ್ನ ಪಾಠ ಹಿಂಗ ಬರಕಂತಾರೇನು?" ಎಂದು ಕೇಳಿದ. ಇಲ್ಲ ಎಂದೆ. ಅದು ನಿಜ.

ಭಾನುವಾರ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಲಸಕ್ಕೆ ಕೂತೆ. ಎರಡು ಸಣ್ಣ ಸ್ಕ್ರೂ ಬಿಚ್ಚಿ ಗುಳ್ಳಿ ತೆಗೆದು, ಒತ್ತಿದರೆ ಸೀಳದಿರಲೆಂದು ಒಳಗೆ ಒದ್ದೆ ಟವೆಲ್ ಸುರುಳಿ ತುಂಬಿದೆ. ಬಟ್ಟಲ ನೀರಿಗೆ ಎರಡು ಹನಿ ಸೋಪು. ಕಣ್ಣು ಮುಚ್ಚಿ ಉಗುರು ಆಡಿಸಿ ಎಲ್ಲಕ್ಕಿಂತ ಆಳದ ಗೀರು ಯಾವುದೆಂದು ಹುಡುಕಿದೆ. ಸಿಕ್ಕಿತು. ಅಲ್ಲಿಂದಲೇ ಸಾವಿರದ ಕಾಗದ ಹಿಡಿದು ಶುರು ಮಾಡಿದೆ. ಹತ್ತು ನಿಮಿಷದಲ್ಲಿ ಗುಳ್ಳಿ ಪೂರ್ತಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಒದ್ದೆ ಕೈಯಲ್ಲೇ ಫೋನ್ ಮಾಡಿದೆ.

"ಶಿವು, ಬೆಳ್ಳಗಾತೋ!"

"ಆಗಬೇಕು."

"ಏನೂ ಕಾಣವಲ್ದು!"

"ಕಾಣಬಾರದು. ತಿಕ್ಕು." ಫೋನ್ ಇಟ್ಟ.

ಕೆಡಿಸಿದ್ದನ್ನು ಸರಿ ಮಾಡಲು ಇನ್ನಷ್ಟು ಕೆಡಿಸಬೇಕು ಎಂಬ ತತ್ವವನ್ನು ನಂಬುವುದು ನನ್ನಂಥ ಅನುಮಾನದ ಪ್ರಾಣಿಗೆ ಸುಲಭವಲ್ಲ. ಆದರೂ ಒಂದೂವರೆ ಸಾವಿರದ ಕಾಗದ ಅಡ್ಡ ತಿಕ್ಕಿದೆ, ನೀರು ಚೆಲ್ಲಿದೆ, ಎರಡು ಸಾವಿರದ್ದು ಮತ್ತೆ ಉದ್ದಕ್ಕೆ ತಿಕ್ಕಿದೆ. ಬೆಳ್ಳಗಿದ್ದದ್ದು ತಿಳಿಯಾಗಿ, ಗಂಜಿಯ ತಿಳಿಯಂತಾಯಿತು. ಆಮೇಲೆ ಹಳೆಯ ಪಂಚೆಯ ಚೂರಿಗೆ ಪಾಲಿಶ್ ಹಚ್ಚಿ, ಒಂದೇ ಕಡೆ ತಿಕ್ಕಿ ಬಿಸಿಯಾಗದಂತೆ ಸುತ್ತು ಸುತ್ತಿ ಉಜ್ಜಿದೆ. ಊಟದ ಹೊತ್ತು ಮೀರಿತ್ತು. ಕೊನೆಯ ಸಲ ಒರೆಸಿ ಬಿಸಿಲಿಗೆ ಹಿಡಿದರೆ ನನ್ನ ಕೈಯಲ್ಲಿ ಏನೂ ಇಲ್ಲದಂತೆ ಕಂಡಿತು. ಆಮೇಲೆ ಹೆಬ್ಬೆರಳು ತಾನಾಗಿಯೇ ಎಡಮಗ್ಗುಲಿಗೆ ಹೋಯಿತು. ಅಲ್ಲಿಯೂ ಏನೂ ಇರಲಿಲ್ಲ. ಎಲ್ಲಕ್ಕಿಂತ ಆಳದ್ದು ಎಂದು ನಾನು ಬೆಳಿಗ್ಗೆ ಮೊದಲು ತೆಗೆದದ್ದು ಆ ಹಳೆಯ ಗೀರನ್ನೇ.

ಇದರಲ್ಲೇನು ಅನಾಹುತ ಎನ್ನಬಹುದು. ಹೇಳುತ್ತೇನೆ. ಗೀರು ಬಿದ್ದ ವರ್ಷ ನಾನು ಆರನೆಯ ತರಗತಿ, ಶಿವು ಎರಡನೆಯದು. ಅವನ ಹತ್ತಿರ ಇದ್ದದ್ದು ಪಾಟಿ, ಬಳಪ. ನನ್ನ ಹತ್ತಿರ ಹೊಸ ಕಂಪಾಸ್ ಬಾಕ್ಸು, ಅದರಲ್ಲಿ ಚೂಪು ಮುಳ್ಳಿನ ಕೈವಾರ. ಆ ಗೀರೋ, ಅಳೆದು ಎಳೆದಂತೆ ಬಾಗಿದ ಕಮಾನು. ಬಳಪದಿಂದ ಅಂಥದ್ದು ಬೀಳುವುದಿಲ್ಲ. ಕೈವಾರದ ಮುಳ್ಳು ಪ್ಲಾಸ್ಟಿಕ್ಕಿನ ಮೇಲೆ ಕಿರ್ರೆಂದದ್ದು ನನಗೆ ನೆನಪಿದೆ ಎಂದೇ ಅನ್ನಿಸುತ್ತದೆ. ಇಷ್ಟು ವರ್ಷ ಯೋಚಿಸಿ ಯೋಚಿಸಿ ನಾನೇ ಆ ಸದ್ದನ್ನು ಕಟ್ಟಿಕೊಂಡೆನೋ ಏನೋ. ಕೈವಾರ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಎಂದಾದರೂ ಒಂದು ದಿನ ಗೀರಿನ ಬಾಗಿಗೆ ಹಿಡಿದು ನೋಡಿದ್ದರೆ ತೀರ್ಮಾನವಾಗುತ್ತಿತ್ತು. ಹತ್ತಿರ ಹತ್ತಿರ ನಲವತ್ತು ವರ್ಷ ಸಮಯವಿತ್ತು, ನೋಡಲಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ಇತಿಹಾಸದ ಉಪನ್ಯಾಸಕಿಯೇ ಸೋಪುನೀರು ಹಾಕಿ ಮೂರು ನಂಬರಿನ ಕಾಗದದಲ್ಲಿ ತಿಕ್ಕಿ ಅಳಿಸಿದಳು.

ದೊಡ್ಡಪ್ಪ ಕರಿ ಕನ್ನಡಕ ಹಾಕಿಕೊಂಡು ಬಂದರು. ಹೊಸ ಬಣ್ಣದ ಗೋಡೆಯನ್ನು ನೋಡಲೇ ಇಲ್ಲ, ದೊಡ್ಡವ್ವನಿಗೆ ಅದೇ ಸಿಟ್ಟು. ಕಿಟಕಿಯ ಹತ್ತಿರ ಕೂತು, ನಾನು ಗುಳ್ಳಿ ಕೂರಿಸಿ ತಂದಿಟ್ಟಿದ್ದ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಸೊನ್ನಿ ಐತಲ್ಲ!" ಎಂದರು.

"ಏನು ಸೊನ್ನಿ?" ದೊಡ್ಡವ್ವ ಕೇಳಿದಳು.

"ಎತ್ತರದ ಮೀಟರಿನ ಮುಳ್ಳು ಸೊನ್ನಿ ಮ್ಯಾಲೈತಿ. ನಾ ಬಂದೋರಿಗೆಲ್ಲ ಐದು ಸಾವಿರ ಅಡಿ ಅಂತ ಹೇಳ್ಕಂತ ಬಂದೀನಿ. ಅದು ನೆಲದ ಮ್ಯಾಲೆ ನಿಂತೈತಿ, ಮುಳ್ಳು ಸೊನ್ನಿಗೇ ಇರಬೇಕು. ಆವಾಗ ಸರಿಯಾಗೇ ಬರದೀನಿ, ಆಮ್ಯಾಲೆ ಮರತೀನಿ." ಅವರಿಗೆ ಖುಷಿಯೋ ಖುಷಿ. ನಗುತ್ತಾ ವಿಮಾನ ತಿರುಗಿಸಿದರು. ಹೆಬ್ಬೆರಳು ಎಡಮಗ್ಗುಲಿಗೆ ಬಂತು. ಒಮ್ಮೆ ಸವರಿತು, ಮತ್ತೊಮ್ಮೆ ಸವರಿತು, ನಿಂತಿತು. "ಇಲ್ಲೊಂದು ಗೀರಿತ್ತಲ್ಲ?"

ಎಲ್ಲವನ್ನೂ ಹೇಳಿದೆ, ಈಬತ್ತಿಯಿಂದ ಪಾಲಿಶ್‌ವರೆಗೆ. ದೊಡ್ಡವ್ವ ಗಲ್ಲದ ಮೇಲೆ ಕೈಯಿಟ್ಟು, "ಈಬತ್ತಿನಾ? ಹೋಗ್ಲಿ ಬಿಡು, ಇಮಾನಕ್ಕೂ ದೀಕ್ಷಾ ಆತು" ಎಂದಳು. ದೊಡ್ಡಪ್ಪ ಬೈಯಲಿಲ್ಲ. "ಹೊಸವು ತೆಗದಿದ್ದು ಚಲೋ ಆತು. ಹಳೇದನ್ಯಾಕ ತೆಗದಿ?" ಎಂದರು ಅಷ್ಟೆ.

ಆಗ ನಾನು ಕೇಳಿದೆ. ಕೇಳುವಾಗ ನನ್ನ ತಲೆಯಲ್ಲಿದ್ದದ್ದು ನಮ್ಮ ಕೂಡು ಮನೆಯ ಹಳೆಯ ರಿವಾಜು: ತಮ್ಮನ ಮಗಳ ಮೇಲೆ ಅಣ್ಣ ಕೈ ಎತ್ತುವುದಿಲ್ಲ, ತಪ್ಪು ಯಾರದೇ ಇರಲಿ, ಏಟು ಸ್ವಂತ ಮಗನಿಗೆ. "ದೊಡ್ಡಪ್ಪ, ಆ ಗೀರು ಹಾಕಿದ್ದು ಶಿವು ಅಲ್ಲ, ನಾನು ಅಂತ ನಿನಗ ಆವಾಗಲೇ ಗೊತ್ತಿತ್ತಾ?"

"ಡ್ರಾಪ್ಸ್ ಹಾಕೋ ಟೈಮ್ ಆತು ನೋಡು" ಎಂದರು ದೊಡ್ಡಪ್ಪ, ಮತ್ತು ಹಿಂದಕ್ಕೆ ಒರಗಿದರು. ಹನಿ ಹಾಕಿದೆ. ಕಣ್ಣು ಮುಚ್ಚಿದರು. ಹತ್ತು ನಿಮಿಷ ಕಣ್ಣು ತೆರೆಯಬಾರದೆಂದು ಡಾಕ್ಟರು ಹೇಳಿದ್ದಾರೆ. ಬಾಯಿ ತೆರೆಯಬಾರದೆಂದೇನೂ ಹೇಳಿಲ್ಲ. ಮೂರು ವಾರವಾಯಿತು, ಸಂಜೆಯ ಹನಿ ಹಾಕುವುದು ನನ್ನ ಪಾಲಿಗೇ ಬಂದಿದೆ. ಹಾಕಿದ ಮೇಲೆ ದಿನಾ ಪಕ್ಕದಲ್ಲಿ ಕೂತು ಅದನ್ನೇ ಕೇಳುತ್ತೇನೆ: "ಗೊತ್ತಿತ್ತಾ ದೊಡ್ಡಪ್ಪ?"